ಮುಸುಕಿನ ಹೆಂಗಸು ಯಾರೆಂದು ಹೇಳಿದವರು

ಕತೆ ಶುರುಮಾಡುವ ಮೊದಲು ಅವರ ಗಂಟಲಮಣಿ ಎರಡು ಸಲ ಏರಿ ಇಳಿಯುತ್ತಿತ್ತು. ಉದ್ದನೆಯ ತೆಳ್ಳಗಿನ ಕತ್ತು; ಪರದೆಯ ಬೆಳಕು ಬಿದ್ದಾಗ ಹೆಂಗಸರ ಕಡೆ ಕೂತ ನಮಗೆ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಅವರು ದನಿ ತೆಗೆದರೆ ಡೇರೆಯ ಹೊರಗೆ ಕಟ್ಟಿದ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು.

ಊರೂರು ತಿರುಗುವ ಬಯಾಸ್ಕೋಪಿನಲ್ಲಿ ಅವರದು ಕತೆ ಹೇಳುವ ಕೆಲಸ. ಚಿತ್ರಕ್ಕೆ ಮಾತಿಲ್ಲ, ನಡುನಡುವೆ ಬರುವ ಅಕ್ಷರಗಳು ಇಂಗ್ಲಿಷು, ಗುಜರಾತಿ. ಎರಡೂ ಅವರಿಗೆ ಬಾರವು. ಆದರೂ ಎಲ್ಲರೂ ಅವರನ್ನು ಕತೆ ಮೇಷ್ಟ್ರು ಅನ್ನುತ್ತಿದ್ದರು.

ನಾನು ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡು ಚಿಕ್ಕಮ್ಮನ ಮನೆಯಲ್ಲಿದ್ದೆ. ಗಂಡ ತೀರಿಕೊಂಡ ಮೇಲೆ ಮಂಡಕ್ಕಿ ಮಾರಿ ಬದುಕುತ್ತಿದ್ದ ಚಿಕ್ಕಮ್ಮ ಡೇರೆಯ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡಳು. ನನ್ನ ದಿನಚರಿಯ ಪ್ರಕಾರ ತರೀಕೆರೆಯಲ್ಲಿ ಆದ ಆಟ ಹನ್ನೊಂದು, ನಾನು ನೋಡಿದ್ದು ಒಂಬತ್ತು.

ಒಂಬತ್ತೂ ಒಂದೇ ಚಿತ್ರ. ಮದುವೆಗೆ ಮುಂಚೆ ಹುಡುಗಿ ಹೊಳೆಯಲ್ಲಿ ಕೊಚ್ಚಿಹೋಗುತ್ತಾಳೆ. ಹುಡುಗ ಹನ್ನೆರಡು ವರ್ಷ ಅವಳನ್ನೇ ಹುಡುಕುತ್ತಾನೆ. ಕೊನೆಗೆ ಎದುರುಮನೆಗೆ ಮುಸುಕು ಹಾಕಿದ ಹೆಂಗಸೊಬ್ಬಳು ಬರುತ್ತಾಳೆ. ಇವನು ಊಟ ನಿದ್ದೆ ಬಿಟ್ಟು ಅವಳ ಕಿಟಕಿ ಕೆಳಗೆ ನಿಲ್ಲುತ್ತಾನೆ. ಅವಳ ಕೈ ಮುಸುಕಿಗೆ ಹೋಗುತ್ತದೆ. ಅಲ್ಲಿಗೆ ಚಿತ್ರ ನಿಂತುಹೋಗುತ್ತದೆ. ಕೊನೆಯ ರೀಲಿನ ಡಬ್ಬಿ ಬೀರೂರಿನಲ್ಲಿ ರೈಲು ಬದಲಾಯಿಸುವಾಗ ಎತ್ತಲೋ ಹೋಗಿತ್ತು. ದೀಪ ಹಚ್ಚಿಸಿ, ಉಳಿದದ್ದನ್ನು ಮೇಷ್ಟ್ರೇ ಬಾಯಲ್ಲಿ ಹೇಳುತ್ತಿದ್ದರು: ಮುಸುಕಿನೊಳಗೆ ಅವಳೇ, ಸತ್ತೇ ಇರಲಿಲ್ಲ. ಜನ ಶಿಳ್ಳೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಚಿತ್ರದ ಹೊಳೆ ಕಡೂರಿನಲ್ಲಿ ಮೇಷ್ಟ್ರ ಬಾಯಲ್ಲಿ ವೇದಾವತಿಯಾಗಿತ್ತಂತೆ. ನಮ್ಮೂರಿಗೆ ಬರುವಾಗ ಲಕ್ಕವಳ್ಳಿಯ ಭದ್ರೆಯಾಯಿತು. ಹುಡುಗ ಗಾಡಿಗೆ ಎಮ್ಮೆದೊಡ್ಡಿ ಕಾವಲಿನ ಎತ್ತು ಕಟ್ಟಿಕೊಂಡು ಹೊರಟ ಎಂದು ಹೇಳಿದ ಮರುಗಳಿಗೆ ಪರದೆಯ ಮೇಲೆ ಕುದುರೆಗಾಡಿ ಬಂತು. ಮುಂದೆ ಕೂತ ಮುದುಕರೊಬ್ಬರು ಅದನ್ನು ಎತ್ತಿ ಆಡಿದರು. ಮೇಷ್ಟ್ರು ತಡವರಿಸಲೇ ಇಲ್ಲ. “ಎತ್ತು ದಣಿದ್ವು ಕಣಜ್ಜಾ, ದಾರೀಲಿ ಬದಲಾಯಿಸ್ಕಂಡ,” ಅಂದರು.

ಆಟ ಮುಗಿದ ಮೇಲೆ ಅವರು ಮಂಡಕ್ಕಿಗೆ ಬರುತ್ತಿದ್ದರು. ಅವರ ಹೆಂಡತಿ ಮದುವೆಯಾದ ವರ್ಷದೊಳಗೇ ತೀರಿಕೊಂಡಿದ್ದಳು. ಹತ್ತು ವರ್ಷದಿಂದ ಯಾವ ಊರಿಗೆ ಹೋದರೂ ಹೆಂಗಸರ ಗುಂಪಿನಲ್ಲಿ ಅವಳ ನಡಿಗೆಯನ್ನು ಹುಡುಕುತ್ತಿದ್ದರಂತೆ. ಇದನ್ನು ಕೇಳಿದ ದಿನದಿಂದ ಚಿಕ್ಕಮ್ಮ ಗರಿಗರಿಯಾದ ಕಡಲೇಬೀಜ ಆರಿಸಿ ಅವರಿಗೆ ಬೇರೆ ಇಡತೊಡಗಿದಳು. ಅದನ್ನು ನಾನು ಗಮನಿಸಿದೆ.

ಗಂಡ ಸತ್ತವಳನ್ನು ಕೂಡಾವಳಿ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಬಾಸಿಂಗವಿಲ್ಲ, ವಾಲಗವಿಲ್ಲ, ಹೊಸ ಸೀರೆ ಉಡಿಸಿ ಹಿರಿಯರೆದುರು ತಾಳಿ ಕಟ್ಟುವುದಷ್ಟೆ. ಏಳನೆಯ ಆಟದ ಮಾರನೆ ಬೆಳಿಗ್ಗೆ ಅವರು ಮಡಿ ಪಂಚೆ ಉಟ್ಟು ಜಗಲಿಗೆ ಬಂದು ಅದನ್ನೇ ಕೇಳಿದರು. ಚಿಕ್ಕಮ್ಮ ಒಪ್ಪುತ್ತಾಳೆಂದೇ ನಾನು ಅಂದುಕೊಂಡೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ನೀವು ಬುಟ್ಟಿ ಹೊತ್ತು ಬರುವಾಗ ಅವಳೇ ಬಂದಹಾಗಾಗುತ್ತದೆ, ಅದೇ ನಡಿಗೆ ಅಂದುಬಿಟ್ಟರು.

ಚಿಕ್ಕಮ್ಮ ಮೊರ ಕೆಳಗಿಟ್ಟಳು.

“ಆಯಮ್ಮ ಬುಟ್ಟಿ ಹೊರ್ತಿದ್ಲಾ?”

“ಇಲ್ಲ. ಮನೆ ಬಿಟ್ಟು ಹೊರಗೇ ಬರ್ತಿರ್ಲಿಲ್ಲ.”

“ಹಂಗಾದ್ರೆ ನನ್ನಂಗೆ ಯಾವಾಗ ನಡೆದ್ಲು? ನೀವು ನನ್ನ ನೋಡ್ತಿಲ್ಲ ಕಣ್ರೀ. ನನ್ನೊಳಗೆ ಬಾಡಿಗೆಗಿರೋಳ್ನ ನೋಡ್ತಿದೀರ. ಹೋಗ್ಬನ್ನಿ.”

ಎರಡು ದಿನ ಅವರಿಗೆ ಮಂಡಕ್ಕಿ ಸಿಗಲಿಲ್ಲ. ಆ ಎರಡು ದಿನವೂ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ನಾನು ಬರೆದಿಟ್ಟಿದ್ದೇನೆ.

ಹತ್ತನೆಯ ಆಟ. ಮುಸುಕಿನ ಹತ್ತಿರ ಚಿತ್ರ ನಿಂತಿತು, ದೀಪ ಬಂತು, ಮೇಷ್ಟ್ರು ಬಾಗಿಲ ಕಡೆ ನೋಡುತ್ತ ನಿಂತರು. ಹೇಳ್ರೀ, ಹೇಳ್ರೀ ಎಂದು ಜನ ಶುರುಮಾಡಿದರು. ಕೊನೆಗೆ ಅವರು ಮೆಲ್ಲಗೆ ಬಾಯಿಬಿಟ್ಟರು.

“ಸತ್ತೋಳಲ್ಲ. ಇವ್ಳು ಬೇರೆ. ಇಷ್ಟು ದಿನ ಕಿಟಕಿ ಕೆಳಗೆ ನಿಂತ್ರೂ ಅವ್ನು ಇವ್ಳ ಹೆಸ್ರೇ ಕೇಳಿಲ್ಲ. ಈಗ ಕೇಳ್ತಾನೆ.”

ಡೇರೆಯಲ್ಲಿ ಗದ್ದಲವೆದ್ದಿತು. ತೆಂಗಿನ ತೋಟದ ಗೌಡರೊಬ್ಬರು ಎರಡನೆಯ ಸಲ ಬಂದವರು. ನಿನ್ನೆ ಬದುಕಿದ್ದವಳು ಇವತ್ತು ಹೇಗೆ ಸತ್ತಳು ಎಂದು ಎದ್ದುನಿಂತರು. ಆಗ ಬಾಗಿಲ ಕಡೆಯಿಂದ ಚಿಕ್ಕಮ್ಮನ ದನಿ ಬಂತು.

“ಕತೆ ಈಗ ಸರಿಯಾಗೈತೆ. ಕುಂತ್ಕಳ್ರೀ ಗೌಡ್ರೇ.”

ಡೇರೆ ಅಜ್ಜಂಪುರಕ್ಕೆ ಹೊರಡುವ ಮೊದಲೇ ಕೂಡಾವಳಿ ಆಯಿತು. ಸೀರೆ ತರುವ ಮುನ್ನ ಅವರು ಯಾವ ಬಣ್ಣ ಎಂದು ಕೇಳಿ ಕಳಿಸಿದರು. ಚಿಕ್ಕಮ್ಮ ಮೂರು ಸಲ ಮನಸ್ಸು ಬದಲಾಯಿಸಿದಳು. ಮೂರು ಸಲವೂ ಅಂಗಡಿಗೆ ಓಡಾಡಿದವಳು ನಾನು. ಅಜ್ಜಂಪುರದ ಐದು ಆಟಕ್ಕೂ ಹೊಸ ಮುಕ್ತಾಯವನ್ನೇ ಹೇಳಿದರಂತೆ. ಡಬ್ಬಿ ಇವತ್ತಿಗೂ ಸಿಕ್ಕಿಲ್ಲ.

ಆ ವರ್ಷ ಮಾರ್ನವಮಿಯ ಹಿರಿಯರ ಪೂಜೆಗೆ ಚಿಕ್ಕಮ್ಮ ತಾನಾಗಿಯೇ ಆ ಮೊದಲ ಹೆಂಡತಿಗೂ ಒಂದು ಎಡೆ ಹಾಕಿದಳು. ಆಯಮ್ಮನಿಗೆ ತಿನ್ನಲು ಏನು ಇಷ್ಟವಿತ್ತು ಎಂದು ಕೇಳಿದಳು. ಮೇಷ್ಟ್ರು ಈಗ ನನಗೆ ಚಿಕ್ಕಪ್ಪ. ಹತ್ತು ವರ್ಷ ಊರೂರಲ್ಲಿ ಹುಡುಕಿದವರು ತಲೆ ತಗ್ಗಿಸಿ, “ಕೇಳಿರ್ಲಿಲ್ಲ ಕಣೇ,” ಅಂದರು.

“ಹಂಗಾದ್ರೆ ಮಂಡಕ್ಕಿ ಇಕ್ತೀನಿ,” ಅಂದಳು ಚಿಕ್ಕಮ್ಮ. “ಬೇಡ ಅಂದ್ರೆ ಬಂದು ಹೇಳ್ಲಿ.” ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ನನ್ನನ್ನು ನೋಡಲು ಈವರೆಗೆ ಬಂದ ಗಂಡುಗಳು ಐದು. ನಾಲ್ವರು ಊರಿಂದ ಬಂದಿದ್ದ ಅಪ್ಪನನ್ನಷ್ಟೇ ಮಾತಾಡಿಸಿ ಎದ್ದುಹೋದರು. ಐದನೆಯವರು ನನ್ನ ಕಡೆ ತಿರುಗಿ, ಶಾಲೆಯಲ್ಲಿ ಯಾವ ಪಾಠ ಹೇಳುವುದು ನಿಮಗೆ ಇಷ್ಟ ಎಂದು ಕೇಳಿದರು. ಲೆಕ್ಕ ಎಂದೆ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಒಪ್ಪಿದೆನೆಂದು ಅಪ್ಪನಿಗೆ ಹೇಳಿದವರು ಅವರೇ.