ಮಲ್ಲಿಗೆ ಮುಡಿಯುವಷ್ಟರಲ್ಲಿ ಒಣಗಿದ ಸ್ಲೈಡ್

ಗಂಗಕ್ಕಾ, ನಿನಗೆ ಏನೂ ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ — ಗೊತ್ತಿಲ್ಲ ಎನ್ನಲು ಹೆದರಿದೆ.

ನಿಮ್ಮೂರು ಹೊಳಲಿನ ಶಿಬಿರದಲ್ಲಿ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಎಂದ ಕೂಡಲೇ ಹೆಂಗಸರೆಲ್ಲ ನಾಚಿ ಹಿಂದೆ ಸರಿದಾಗ, ಮೊದಲು ಒಳಗೆ ಬಂದವಳು ನೀನು. ನರ್ಸ್ ಮಾದರಿ ತೆಗೆದು ಗಾಜಿನ ಸ್ಲೈಡಿಗೆ ಸವರಿ ನನ್ನ ಕೈಗೆ ಕೊಟ್ಟರು. ಅದನ್ನು ಆ ಕ್ಷಣವೇ ಸ್ಪಿರಿಟ್‌ನಲ್ಲಿ ಮುಳುಗಿಸಬೇಕು. ಲ್ಯಾಬಿನವಳಾದ ನನ್ನ ಕೆಲಸವೇ ಅದು. ಅಷ್ಟರಲ್ಲಿ ನೀನು ಸೀರೆ ಸರಿಮಾಡಿಕೊಂಡು ಬಂದೆ, ನಿನ್ನ ಹೂವಿನ ಬುಟ್ಟಿ ತೆರೆದೆ. "ಮಲ್ಲಿಗಿ ಊರು ಹಡಗಲ್ಯಾಗ ಹುಟ್ಟಿ ಬರೇ ತಲೀಲೆ ತಿರಗತೀಯಲ್ಲ ತಂಗಿ, ಬಾ ಇಲ್ಲೆ." ಹೂ ಮುಡಿಸುವವರ ಕೈ ತಳ್ಳುವುದು ಹೇಗೆ? ತಲೆ ಬಗ್ಗಿಸಿ ಕೂತೆ. ಎದ್ದಾಗ ಸ್ಲೈಡ್ ಬಹುಪಾಲು ಒಣಗಿತ್ತು; ಯಾರಿಗೂ ಹೇಳದೆ ಹಾಗೆಯೇ ಸ್ಪಿರಿಟ್‌ಗೆ ಇಳಿಸಿದೆ.

ಒಣಗಿದರೆ ಒಳ್ಳೆಯ ಜೀವಕೋಶವೂ ಉಬ್ಬಿ, ಮಸುಕಾಗಿ, ಕೆಟ್ಟದ್ದರಂತೆ ಕಾಣುತ್ತದೆ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಹೆಚ್ಚಿನವು ಹಾಗೆಯೇ ಇದ್ದವು. ಆದರೆ ಒಂದು ಅಂಚಿನಲ್ಲಿ, ಒಣಗದೆ ಉಳಿದ ಕಡೆ, ನಾಲ್ಕಾರು ಕೋಶಗಳು — ಒಂದೊಂದರ ಒಳಗಿನ ಕೋಶಕೇಂದ್ರ ದೊಡ್ಡದು, ಕಪ್ಪು, ಅಂಕುಡೊಂಕು. ಒಣಗದ ಕೋಶ ಹೀಗಿದ್ದರೆ ಅದು ಕ್ಯಾನ್ಸರಿನ ಗುರುತಿರಬಹುದು. ಸಂಶಯ ಬಂದರೆ ಡಾಕ್ಟರಿಗೆ ತೋರಿಸಬೇಕು. ತೋರಿಸಿದರೆ ಸ್ಲೈಡ್ ಒಣಗಿದ್ದೇಕೆ ಎಂದು ಕೇಳುತ್ತಾರೆ, ನಾನೇನು ಹೇಳಲಿ — ಹೂ ಮುಡಿಯುತ್ತಿದ್ದೆ ಎಂದೇ? ಇವೂ ಒಣಗಿದ್ದರಿಂದಲೇ ಹೀಗಾಗಿವೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿದೆನೇ? ಇಲ್ಲ. ಆದರೂ ಸರಿಯಿದ್ದ ಸ್ಲೈಡುಗಳ ಜೊತೆ ಅದನ್ನೂ ಇಟ್ಟೆ. ನಿನಗೆ ಫೋನ್ ಮಾಡಿ, "ಏನೂ ಇಲ್ಲ ಬೇ ಯಕ್ಕಾ, ಆರಾಮ ಅದೀ" ಎಂದೆ.

ಅಂದಿನಿಂದ ಮಲ್ಲಿಗೆಯ ವಾಸನೆ ಬಂದರೆ ದಾರಿ ಬದಲಿಸುತ್ತೇನೆ. ಈ ಊರಿನಲ್ಲಿ ಅದನ್ನು ತಪ್ಪಿಸಿಕೊಂಡು ಎಲ್ಲಿಗೆ ಹೋಗಲಿ?

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ನೀನೇ ಎದುರಾದೆ. ಸೊರಗಿದ್ದೆ. "ಮುಟ್ಟು ನಿಂತು ವರ್ಷ ಆತು, ಆದ್ರೂ ಆಗಾಗ ರಕ್ತ ಕಾಣಸ್ತೈತಿ ನೋಡು" ಎಂದೆ. ನನ್ನ ಮುಖ ಕಂಡು ನೀನೇ ಧೈರ್ಯ ಹೇಳಿದೆ: "ಯಾಕ ಹೆದರ್ತಿ? ಏನೂ ಇಲ್ಲಂತ ನೀನ ನೋಡಿ ಹೇಳೀಯಲ್ಲ! ಅದಕ್ಕ ದವಾಖಾನಿಗೆ ಹೋಗೇ ಇಲ್ಲ."

ಹೊಳಲಿನ ಬಸ್ಸು ಬಂತು, ನೀನು ಹತ್ತಿಕೊಂಡೆ. ನಾನು ಬಾಯಿ ಬಿಡಲಿಲ್ಲ — ಎರಡನೆಯ ಸಲ.

ನೇರವಾಗಿ ಡಾಕ್ಟರ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ನಿನ್ನನ್ನು ಕೂಡಲೇ ಕರೆದುಕೊಂಡು ಬರಲು ಹೇಳಿದರು. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ ಅಕ್ಕಾ. ಹೊಸ್ತಿಲಾಚೆ ನಿಂತೇ ಹೇಳುತ್ತೇನೆ. ಒಳಗೆ ಬಂದು ಕೂತರೆ ನೀನು ಮತ್ತೆ ನನಗೆ ಹೂ ಮುಡಿಸುತ್ತೀಯ.