ದೇವರಿಗಿಟ್ಟ ದಾಸವಾಳದ ಕಾಕ್‌ಟೇಲ್

ಇವತ್ತು ಸೋಮವಾರ, ನನ್ನ ಒಪ್ಪತ್ತು, ರಾತ್ರಿ ಒಂದೇ ಊಟ. ಬೆಳಿಗ್ಗೆ ಅಂಗಳ ಗುಡಿಸಿ, ರಂಗೋಲಿ ಹಾಕಿ, ಪೂಜೆಗೆಂದು ಒಂದು ತಟ್ಟೆ ದಾಸವಾಳ ಬಿಡಿಸಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ, ಸ್ನೇಹಿತರೇ.

"ದೇವರ ಹೂವು ಎಲ್ಲಿ ಹೋದುವು?" ಎಂದು ಸೊಸೆ ಶ್ರುತಿಯನ್ನು ಕೇಳಿದೆ.

"ಕುದಿಸೀನ್ರಿ ಅತ್ತಿ, ಕಾಕ್‌ಟೇಲ್ ಮಾಡಾಕ. ಹಂಪಿ ಹೋಟೆಲಿನಾಗ ಬ್ಯಾಸಿಗ್ಯಾಗ ಮಂದಿ ಇದನ್ನ ಕುಡೀತಾರ."

ಹೂವಿನ ಕೆಂಪು ನೀರಿಗೆ ಲಿಂಬೆ, ಸಕ್ಕರೆ, ಕಾಮಕಸ್ತೂರಿ ಬೀಜ, ಸೋಡಾ ಬಿದ್ದಿದ್ದವು. ಗಿಡದಲ್ಲಿ ಬೇರೆ ಹೂವಿರಲಿಲ್ಲ. ಸೆರೆ-ಸಾರಾಯಿ ಹಾಕಿಲ್ಲವೆಂದು ಅವಳಿಂದ ಆಣೆ ಮಾಡಿಸಿಕೊಂಡೆ. ನೈವೇದ್ಯವನ್ನು ಮೊದಲೇ ಮೂಸಿ ನೋಡುವ ಹಾಗಿಲ್ಲವಲ್ಲ. ಮೊದಲ ಲೋಟವನ್ನು ದೇವರ ಜಗಲಿಯ ಮೇಲಿಟ್ಟು, "ಹೂವು ಹೆಂಗೋ ನಿನಗ ಮುಟ್ಟಿದುವಪ್ಪ" ಎಂದು ಕೈಮುಗಿದೆ.

ಆಮೇಲೆ ಆ ಲೋಟ ನಾನೇ ಕುಡಿದೆ. ಹೊಟ್ಟೆಯವರೆಗೂ ತಂಪಾಯಿತು. ಇನ್ನೊಂದು ಕುಡಿದೆ. ಮತ್ತೊಂದು ಕೈಯಲ್ಲಿರುವಾಗ ಪಕ್ಕದ ಮನೆಯ ಗಂಗಕ್ಕ ಬಂದಳು.

"ಒಪ್ಪತ್ತು ಮುರಿದಿ ಏನವಾ?"

"ಇದು ತೀರ್ಥ, ಗಂಗಕ್ಕ."

"ತೀರ್ಥ ಅಂಗೈಯಾಗ ತಗೋತಾರವ್ವ, ಲೋಟದಾಗಲ್ಲ. ಇವತ್ತಿನ ಊಟ ಆತು ನಿಂದು. ನನಗೂ ಒಂದೀಟು ಹಾಕು, ನಂದೇನು ಒಪ್ಪತ್ತಿಲ್ಲ."

ಈಗ ಸೊಸೆ ರಾತ್ರಿಗೆ ರೊಟ್ಟಿ, ಎಣ್ಣೆಗಾಯಿ ಮಾಡುತ್ತಿದ್ದಾಳೆ. ನಮ್ಮ ಓಣಿಯ ಗುಡಿಯ ಅಯ್ಯನವರು ಫೋನ್ ಎತ್ತುವವರಲ್ಲ. ಆ ಕಡೆ ಹೋಗುವವರು ಯಾರಾದರೂ, ನಾನು ರಾತ್ರಿ ಉಣ್ಣಬಹುದೇ ಎಂದು ಅವರನ್ನು ಕೇಳಿ ನನಗೆ ಉತ್ತರ ತಂದುಕೊಡಿ. ಉಣ್ಣಬಹುದು ಎಂದರೆ ಓಡಿ ಬನ್ನಿ. ಉಣ್ಣಬಾರದು ಎಂದರೆ ನಾಳೆ ಬಂದರೂ ನಡೆಯುತ್ತದೆ.