ದೆವ್ವದ ಪುನರ್ವಸತಿ

ನನ್ನ ಹೆಂಡತಿಯ ತಮ್ಮ ಜಮಖಂಡಿಯಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ನಮ್ಮ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗುವ ಮುನ್ನ, ಅರ್ಧ ಜನ ಆಗಲೇ ಮನೆ ಖಾಲಿ ಮಾಡಿದ್ದಾಗ, ನಮ್ಮ ಹಳೆಯ ಮನೆಯಲ್ಲಿ ಅವನೊಂದು ದೆವ್ವದ ಸಿನಿಮಾ ಮಾಡಿದ. ದೆವ್ವ ನನ್ನ ಹೆಂಡತಿ; ಅವಳ ಕೈಯಲ್ಲಿ ಸಾಯುವವನು ನಾನು. ಅದರ ಸಿ.ಡಿ. ಮುಧೋಳ, ಬೀಳಗಿಯ ತನಕ ಓಡಾಡಿತು. ಒಮ್ಮೆ ಬಸ್ಸಿನಲ್ಲಿ ಯಾರೋ ನನ್ನ ಗುರುತು ಹಿಡಿದು, ಸತ್ತವರು ನೀವೇ ಅಲ್ಲವೇ ಎಂದು ಕೇಳಿ ಸೀಟು ಬಿಟ್ಟುಕೊಟ್ಟಿದ್ದರು.

ಕೆಲವು ವರ್ಷಗಳ ಮೇಲೆ ಅವನಿಗೆ ಎರಡನೇ ಭಾಗದ ಹುಚ್ಚು ಹತ್ತಿತು. ಅಷ್ಟರಲ್ಲಿ ಹಳೆಯ ಮನೆ ನೀರಿನಡಿ ಸೇರಿತ್ತು. ನಾವು ಪುನರ್ವಸತಿ ಕೇಂದ್ರದಲ್ಲಿ, ಗಿಳಿಹಸಿರು ಬಣ್ಣ ಬಳಿದ ಹೊಸ ಮನೆಯಲ್ಲಿದ್ದೆವು. ಚಿತ್ರೀಕರಣ ಅಲ್ಲೇ ಎಂದ. ಕಥೆ ಕೇಳಿದರೆ ಅದೇ ಬಿಳಿ ಸೀರೆ, ಅದೇ ಕಿರುಗುಟ್ಟುವ ಬಾಗಿಲು, ಅದೇ ಆರುವ ದೀಪ. ಮೊದಲೇ ಸತ್ತಿದ್ದ ನಾನು ಈ ಸಲ ಸತ್ತವನ ಅವಳಿ ತಮ್ಮ. ವ್ಯತ್ಯಾಸ ತಿಳಿಯಲೆಂದು ಅಂಟುಮೀಸೆ. ದೆವ್ವ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ.

"ಊರ ಮಂದಿ ಎಲ್ಲಾ ಇಲ್ಲಿಗೆ ಬಂದ ಮ್ಯಾಲೆ ದೆವ್ವ ಒಂದ ಅಲ್ಲೇನು ಮಾಡತೈತ್ರಿ, ಮಾಮಾ?"

ರೊಟ್ಟಿ ಬಡಿಯುತ್ತಿದ್ದ ನನ್ನ ಅವ್ವ ಕೈ ನಿಲ್ಲಿಸಿದಳು. "ಅದಕ್ಕ ಬ್ಯಾರೆ ಪ್ಲಾಟ್ ಕೊಡಬೇಕಿತ್ತಪಾ. ನನ್ನ ಮನ್ಯಾಗ ಯಾಕ ಬರ್ತೈತಿ?"

ಆದರೂ ಒಪ್ಪಿದಳು. ಹಳೆಯ ಮನೆಯ ಬಾಗಿಲನ್ನು ಕಿತ್ತು ತಂದು ಇಲ್ಲಿ ಕೂರಿಸಿದ್ದೆವು. ಅದು ಮೊದಲಿನಂತೆ ಕಿರುಗುಟ್ಟುತ್ತದೆಂದು ನಿರ್ದೇಶಕ ನಂಬಿದ್ದ. ಅವ್ವ ಅದಕ್ಕೆ ಹರಳೆಣ್ಣೆ ಬಿಟ್ಟಿದ್ದಳು. ಸೀಮೆಎಣ್ಣೆಯಲ್ಲಿ ತೊಳೆದರೂ ಬಾಗಿಲು ಬಾಯಿ ಬಿಡಲಿಲ್ಲ. ಕೊನೆಗೆ ಗೋಡೆಯ ಹಿಂದೆ ನಿಂತು ನಾನೇ ಗಂಟಲಿನಿಂದ ಕಿರುಗುಟ್ಟಿದೆ. ದೆವ್ವವನ್ನು ಕಂಡು ಊಳಿಡಲೆಂದು ಅವನು ಪರಿಚಯದವರಿಂದ ಮುಧೋಳ ನಾಯಿಯೊಂದನ್ನು ತಂದಿದ್ದ. ಬೆಳಿಗ್ಗೆಯಿಂದ ನನ್ನ ಹೆಂಡತಿ ಅದಕ್ಕೆ ರೊಟ್ಟಿ ಹಾಕಿದ್ದಳು. ಕ್ಯಾಮೆರಾ ಶುರುವಾದೊಡನೆ ಅದು ಬಾಲ ಅಲ್ಲಾಡಿಸುತ್ತ ಬಂದು ದೆವ್ವದ ಕೈ ನೆಕ್ಕಿತು.

ಮೊದಲ ಪ್ರದರ್ಶನ ಬನಹಟ್ಟಿಯಲ್ಲಿ, ಪರಿಚಯದವರ ನೇಕಾರಿಕೆ ಶೆಡ್ಡಿನಲ್ಲಿ, ಮಗ್ಗಗಳಿಗೆ ರಜೆಯಿದ್ದ ಒಂದು ಮಧ್ಯಾಹ್ನ. ದೆವ್ವ ಬಂದಾಗ ಜನ ನಕ್ಕರು. ನನ್ನ ಮೀಸೆ ಒಂದು ಕಡೆ ಜೋತುಬಿದ್ದಾಗ ಹಿಂದಿನ ಸಾಲಿನವರು ಎದ್ದು ನಿಂತು ನಕ್ಕರು. ನಗದವಳು ಅವ್ವ ಒಬ್ಬಳೇ. ಸೊಸೆಯೇ ದೆವ್ವವೆಂದು ಗೊತ್ತಿದ್ದರೂ ಬಿಳಿ ಸೀರೆ ಕಂಡಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ನಿರ್ದೇಶಕ ಹೊರಗೆ ನೂಲಿನ ಮೂಟೆಯ ಮೇಲೆ ಕೂತುಬಿಟ್ಟಿದ್ದ. ಊಟಕ್ಕೆ ಕರೆದರೆ ಏಳಲಿಲ್ಲ. ನಾನು ಏನೋ ಸಮಾಧಾನ ಹೇಳಹೋಗಿ ನಡುವೆ ನಗು ಬಂದು ದೂರ ಸರಿದೆ. ಅವ್ವ ಹೋಗಿ ಅವನ ಪಕ್ಕ ಕೂತಳು.

"ನಿಂದೇನ ತಪ್ಪಿಲ್ಲೋ ತಮ್ಮಾ. ಹೊಸಾ ಮನ್ಯಾಗ ಕತ್ತಲ ಅನ್ನೂದ ಇಲ್ಲ. ಮೊದಲಿಂದು ಛಲೋ ಇತ್ತು, ಅದರಾಗ ನಮ್ಮ ಮನಿ ಇತ್ತು." ಹಾಗೆಯೇ ಕೇಳಿದಳು, "ಅದರಾಗಿನ ದೆವ್ವ ತಗದು, ಬರೇ ಮನಿ ಅಷ್ಟ ಹಾಕಿ ಕೊಡ್ತಿಯೇನು?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಎದ್ದು ಊಟಕ್ಕೆ ಬಂದ.

ಮುಂದಿನ ವಾರ ಸಿ.ಡಿ. ತಂದುಕೊಟ್ಟ. ಎಲ್ಲ ಕತ್ತರಿಸಿದ ಮೇಲೆ ಉಳಿದದ್ದು ಚೂರೇ ಚೂರು: ಪಡಸಾಲೆ, ದನಕ್ಕೆ ಮೇವು ಹಾಕುವ ಗ್ವಾದಲಿ, ಅಡುಗೆಮನೆಯ ಗೋಡೆಯಲ್ಲಿನ ಮಾಡ. ಒಂದು ಕಡೆ ಮೂಲೆಯಲ್ಲಿ ಬಿಳಿ ಸೆರಗು ಉಳಿದಿತ್ತು, ಅದನ್ನೂ ತೆಗೆಯುತ್ತೇನೆಂದ. ಅವ್ವ ಟಿ.ವಿ.ಯ ಹತ್ತಿರ ಸರಿದು, ಗ್ವಾದಲಿಯಲ್ಲಿ ಕಟ್ಟುತ್ತಿದ್ದ ಎಮ್ಮೆಯ ಸುದ್ದಿ ತೆಗೆದಳು. ಸೆರಗು ಅಲ್ಲೇ ಇರಲಿ, ಮನೆಯಲ್ಲಿ ಯಾರೋ ಇದ್ದ ಹಾಗೆ ಕಾಣುತ್ತದೆ ಎಂದಳು.